ಸಾಲು ಹಂಚುವವಳು

ಮುಶಿಗೇರಿಯ ನಮ್ಮ ಉಳ್ಳಾಗಡ್ಡಿ ಹೊಲಕ್ಕೆ ಕಳೆ ತೆಗೆಯಲು ಹತ್ತು ಹೆಣ್ಣಾಳುಗಳನ್ನು ಕರೆತರುತ್ತಿದ್ದ ಹೆಂಗಸೊಬ್ಬಳಿದ್ದಳು. ಟಂಟಂ ಆಟೋ ಇಳಿದ ಕೂಡಲೇ ಯಾರಿಗೆ ಯಾವ ಸಾಲು ಎಂದು ಹಂಚುವುದು ಅವಳ ಕೆಲಸ. ಆದರೆ ಅವಳು ಹುಕುಂ ಮಾಡಿದ್ದನ್ನು ನಾನು ಕೇಳಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ, ಎದುರಿಗಿದ್ದವಳ ಮುಖ ನೋಡಿ, "ನೀ ಹ್ಯಾಂಗ ಅಂತೀಯವಾ?" ಎನ್ನುತ್ತಿದ್ದಳು. ನಾನು ಬದುವಿನ ಮೇಲಿಂದ ಕೂಗಿದ ದಿನ ಕೆಲಸ ಕಡಿಮೆ, ಗೊಣಗಾಟ ಹೆಚ್ಚು. ಇವಳದೇನು ಮರ್ಮ ಎಂದು ನನಗೆ ಕುತೂಹಲ.

ಗುಂಪಿನಲ್ಲೊಬ್ಬ ಮುದುಕಿ. ಅವಳ ಸಾಲು ಯಾವಾಗಲೂ ಹಿಂದೆ ಬೀಳುತ್ತಿತ್ತು. ಒಂದು ದಿನ ಬುತ್ತಿ ಬಿಚ್ಚಿದಾಗ, ಎಲ್ಲರಿಗಿಂತ ಚುರುಕು ಕೈಯವಳು ಸಿಡುಕಿದಳು: "ಈ ಆಯಿನ್ನ ನಾಳಿಂದ ಬಿಟ್ಟ ಬರೂಣು. ಆಕಿ ಸಾಲ ನಾವ್ಯಾಕ ಮುಗಸಬೇಕು?"

ಮುದುಕಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

ಸಾಲು ಹಂಚುವವಳು ಸಿಟ್ಟಾಗಲಿಲ್ಲ. ಸಿಡುಕಿದವಳಿಗೇ, "ನಾಳೆ ಯಾರು ಬರಬೇಕು, ಯಾರಿಗೆ ಯಾವ ಸಾಲು, ಎಲ್ಲಾ ನೀನ ಹೇಳು. ನೀ ಹ್ಯಾಂಗ ಅಂತೀ ಹಾಂಗ," ಎಂದಳು.

ಮರುದಿನ ಟಂಟಂನಿಂದ ಮುದುಕಿಯೂ ಇಳಿದಳು. ಚುರುಕು ಕೈಯವಳು ಬದುವಿನ ಮೇಲೆ ನಿಂತು ಒಬ್ಬೊಬ್ಬರನ್ನೇ ಸಾಲಿಗೆ ಹಚ್ಚಿದಳು. ಮುದುಕಿಯ ಸರದಿ ಬಂದಾಗ ಸುತ್ತ ನೋಡಿದಳು. ಕೊನೆಗೆ ತನ್ನ ಪಕ್ಕದ ಸಾಲನ್ನೇ ತೋರಿಸಿದಳು. ಸಂಜೆಯವರೆಗೂ ಚುರುಕು ಕೈಯವಳ ಕಳೆ ಕೀಳುವ ಕುರ್ಪಿ ಎರಡೂ ಸಾಲಿನಲ್ಲಿ ಆಡುತ್ತಿತ್ತು.

ಹೊರಡುವಾಗ ಸಾಲು ಹಂಚುವವಳನ್ನು ಕೇಳಿದೆ: "ಆಕಿ ಹಿಂಗ ಮಾಡ್ತಾಳಂತ ನಿನಗ ಮೊದಲ ಗೊತ್ತಿತ್ತೇನವಾ?"

"ನನಗೆಲ್ಲಿ ಗೊತ್ತಿತ್ರಿ," ಎಂದು ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. "ಆಕಿಗೂ ಗೊತ್ತಿದ್ದಿಲ್ಲ."