ಒಂದೇ ಹೆಸರಿನ ಎರಡು ಫಾಂಟ್

ನನ್ನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು, ಪದಗಳಿಗೂ ಬಡತನ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನಮ್ಮ ಅಕ್ಕನ ವಿಷಯ.

ಸಮಾಧಿಕಲ್ಲು ಕೆತ್ತುವ ಸೋದರಮಾವನ ಅಂಗಡಿಯಲ್ಲಿ ಅಕ್ಕನದು ಕಂಪ್ಯೂಟರ್ ಕೆಲಸ. ಅವಳು ಜೋಡಿಸಿದ ಹೆಸರನ್ನು ಯಂತ್ರ ರಬ್ಬರ್ ಹಾಳೆಯಲ್ಲಿ ಕತ್ತರಿಸುತ್ತದೆ. ಮಾವ ಅದನ್ನು ಕಲ್ಲಿಗೆ ಅಂಟಿಸಿ, ಗಾಳಿಯಲ್ಲಿ ಮರಳು ಊದಿ ಕೆತ್ತುತ್ತಾರೆ. ಕೆತ್ತಿದ್ದು ಕೆತ್ತಿದ್ದೇ.

ಇವತ್ತು ಒಬ್ಬ ತಾತ ಹೆಂಡತಿಯ ಕಲ್ಲನ್ನೇ ಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಅವರ ಹೆಸರಿನ ಕೆಳಗೆ ಖಾಲಿ ಬಿಡಿಸಿದ್ದ ಜಾಗದಲ್ಲಿ ಈಗಲೇ ತಮ್ಮ ಹೆಸರು ಬೇಕಂತೆ.

"ಮಕ್ಕಳಿಗೆ ಬಿಟ್ಟರೆ ಕುಣಿಯೋ ಅಕ್ಷರ ಹಾಕಿಸ್ತಾರೆ. ಅವಳದ್ದು ಹೇಗಿದೆಯೋ ನನ್ನದೂ ಹಾಗೇ ಇರಲಿ ಕಣಮ್ಮ. ಇಲ್ಲದಿದ್ರೆ ಪಕ್ಕದಲ್ಲಿ ಇನ್ಯಾರೋ ಬಂದು ಮಲಗಿದ್ದಾರೆ ಅಂದ್ಕೊಳ್ತಾಳೆ."

ಆ ಕಲ್ಲನ್ನು ನಮ್ಮಲ್ಲೇ ಕೆತ್ತಿಸಿದ್ದರು; ಅಕ್ಕ ಅದರ ಹಳೆಯ ಫೈಲು ತೆರೆದಳು. ಆ ಫಾಂಟ್ ಕ್ಲೌಡ್‌ನದು, ಇಂಟರ್ನೆಟ್ ಇದ್ದರಷ್ಟೇ ಬರುವಂಥದ್ದು. ಬೆಳಗಿನಿಂದ ಇಂಟರ್ನೆಟ್ ಕೈಕೊಟ್ಟಿತ್ತು. ಆದರೂ ಫಾಂಟ್ ಇಲ್ಲವೆಂಬ ಎಚ್ಚರಿಕೆ ಬರಲಿಲ್ಲ, ಅಕ್ಷರಗಳು ಸರಿಯಾಗಿಯೇ ಕಂಡವು. ತಾತನ ಹೆಸರು ಜೋಡಿಸಿ, ಹಾಳೆ ಕತ್ತರಿಸಿ ಮಾವನ ಕೈಗೆ ಕೊಟ್ಟಳು.

ಮಾವ ಅಂಟಿಸುತ್ತಿರುವಾಗ ಅವಳು ಇನ್ನೊಮ್ಮೆ ಪರದೆ ನೋಡಿದಳು. ಹೆಂಡತಿಯ ಹೆಸರೂ ಅದೇ ಫೈಲಿನಲ್ಲಿತ್ತು. ಕಲ್ಲಿನಲ್ಲಿ ಅದರ ಕೊನೆಯ ಅಕ್ಷರ ಅಂಚಿನ ಗೆರೆಗೆ ತಾಗುವಂತಿತ್ತು. ಪರದೆಯ ಮೇಲೆ ಅವೆರಡರ ನಡುವೆ ಬೆರಳು ತೂರುವಷ್ಟು ಜಾಗ.

ಫಾಂಟ್‌ಗಳ ಪಟ್ಟಿ ತೆರೆದರೆ, ಅದೇ ಹೆಸರಿನ ಇನ್ನೊಂದು ಫಾಂಟ್ ಕಂಪ್ಯೂಟರಿನಲ್ಲೇ ಕೂತಿತ್ತು. ಯಾವಾಗಲೋ ಅವಳೇ ಹಾಕಿಕೊಂಡಿದ್ದ ಹಳೆಯ ನಮೂನೆ. ಕ್ಲೌಡ್‌ನದು ಸಿಗದೆ ಸಾಫ್ಟ್‌ವೇರ್ ಸದ್ದಿಲ್ಲದೆ ಇದನ್ನು ಎತ್ತಿಕೊಂಡಿತ್ತು.

ಹಿಂದಿನ ಕೋಣೆಯಲ್ಲಿ ಮರಳು ಊದುವ ಕಂಪ್ರೆಸರ್ ಮೊರೆಯತೊಡಗಿತು.

"ಮಾವ, ನಿಲ್ಸಿ," ಅಂದಳು. ಅವಳ ದನಿ ಮನೆಯಲ್ಲೇ ಅಡುಗೆಮನೆ ದಾಟುವುದಿಲ್ಲ, ತಲೆಗವಸು ಹಾಕಿಕೊಂಡ ಮಾವನಿಗೆ ಎಲ್ಲಿಂದ ಕೇಳಬೇಕು? ಕೊಳವೆಯ ಬಾಯಿ ಕಲ್ಲಿನತ್ತ ತಿರುಗಿತು. ಅಕ್ಕ ಓಡಿಹೋಗಿ ಗಾಳಿಯ ವಾಲ್ವನ್ನೇ ತಿರುಗಿಸಿ ಮುಚ್ಚಿದಳು. ಕೊಳವೆ ಕೆಮ್ಮಿ ಸುಮ್ಮನಾಯಿತು.

"ಏನೇ, ತಲೆಗಿಲೆ ಕೆಟ್ಟಿದೆಯಾ?" ಮಾವ ತಲೆಗವಸು ತೆಗೆದರು.

"ಅಕ್ಷರ ಬೇರೆ, ಮಾವ. ತಪ್ಪು ನಂದೇ." ತಾತನ ಎದುರಿಗೇ ಹೇಳಬೇಕಾಯಿತು.

ಮಾವ ಹಾಳೆ ಎಬ್ಬಿಸಿ ಬೆರಳಾಡಿಸಿದರು. ಕಲ್ಲು ಇನ್ನೂ ನುಣುಪಾಗಿತ್ತು.

"ಇವತ್ತು ಆಗಲ್ಲ ತಾತ. ಇಂಟರ್ನೆಟ್ ಬರಬೇಕು," ಅಂದಳು ಅಕ್ಕ.

"ಇವತ್ತೇ ಬೇಡ ಬಿಡಮ್ಮ. ಆ ಕಲ್ಲಿನಡಿ ಹೋಗೋಕೆ ನನಗೇನು ಅವಸರ?"

ಮಾವ ನಗಲಿಲ್ಲ. "ಇನ್ನೆಷ್ಟು ಕಲ್ಲು ಹೀಗೆ ಹೋಗಿವೆಯೋ," ಅಂದರು. ಅಕ್ಕನಿಗೂ ಅದೇ ದಿಗಿಲು.

ನಾಳೆ ಅವಳು ಆ ಹಳೆಯ ಫಾಂಟನ್ನು ತೆಗೆದುಹಾಕುತ್ತಾಳೆ. ಹೆಂಡತಿಯ ಹೆಸರಿನ ಮೇಲೆ ತೆಳುಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಆ ಅಚ್ಚಿಗೆ ತಾಳೆ ನೋಡಿದ ಮೇಲೆಯೇ ತಾತನ ಹೆಸರು ಕತ್ತರಿಸುತ್ತಾಳೆ.