ತೂಕದಮ್ಮನ ನೂರ ನಲವತ್ತು ಮಿಲಿಸೆಕೆಂಡ್

ತೂಕದಮ್ಮ ಮಾರುಕಟ್ಟೆ ಬೀದಿಗೆ ಕಾಲಿಟ್ಟಳೆಂದರೆ ಆಲೂಗಡ್ಡೆಗಳು ತಾವಾಗಿಯೇ ಐವತ್ತು ಗ್ರಾಂ ದಪ್ಪವಾಗುತ್ತಿದ್ದವು. ಅವಳ ಜೀಪಿನ ಬಾಗಿಲು ಧಡ್ಡೆಂದರೆ ಸಾಕು, ಆ ಬೀದಿಯ ತಕ್ಕಡಿಗಳೆಲ್ಲ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದವು ಎಂದು ಅವಳ ಡ್ರೈವರ್ ಹೇಳುತ್ತಾನೆ. ಅವನು ಸುಳ್ಳು ಹೇಳುವವನಲ್ಲ, ಸ್ವಲ್ಪ ಸೇರಿಸಿ ಹೇಳುವವನು.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವಳದ್ದು ಇಪ್ಪತ್ತೆಂಟು ವರ್ಷದ ಇನ್ಸ್‌ಪೆಕ್ಟರ್ ಕೆಲಸ. ಎತ್ತರ ಐದಡಿಗೆ ಎರಡಿಂಚು ಕಡಿಮೆ. ಆ ಎರಡಿಂಚನ್ನು ಸಿಟ್ಟಿನಲ್ಲಿ ತುಂಬಿಕೊಂಡಿದ್ದಳು. ತಕ್ಕಡಿ ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದವನನ್ನು ಅವಳು ಹತ್ತು ಮಾರು ದೂರದಿಂದಲೇ ಅವನ ಕಿವಿ ನೋಡಿ ಹಿಡಿಯುತ್ತಿದ್ದಳು. ಮೋಸ ಮಾಡುವವನ ಕಿವಿ ಕೆಂಪಾಗುತ್ತದಂತೆ. ಅವಳಿಗೆ ಗಂಡನೂ ಇದ್ದ. ಅವನು ಈ ಕಥೆಯಲ್ಲಿ ಬರುವುದಿಲ್ಲ. ಅವನು ಯಾವ ಕಥೆಯಲ್ಲೂ ಬರುವವನಲ್ಲ, ಪೇಪರ್ ಓದುತ್ತಾ ಕೂತಿರುತ್ತಾನೆ.

ಎರಡು ವರ್ಷದ ಹಿಂದೆ ಮಂಡಿ ಆಪರೇಷನ್ ಆಗಿ ತೂಕದಮ್ಮ ಆರು ವಾರ ಮನೆಯಲ್ಲಿ ಕೂರಬೇಕಾಯಿತು. ಮೊದಲ ವಾರ ಹಾಲಿನ ಪ್ಯಾಕೆಟ್ ತೂಗಿದಳು. ಎರಡನೆಯ ವಾರ ಸೋಪು, ಟೂತ್‌ಪೇಸ್ಟು, ಬೆಂಕಿಪೊಟ್ಟಣದ ಕಡ್ಡಿ ಎಲ್ಲ ತೂಗಿ, ಎಣಿಸಿ ಮುಗಿಸಿದಳು. ಮೂರನೆಯ ವಾರ ಗಂಡನನ್ನು ನೋಡತೊಡಗಿದಾಗ ಅವನು ಹೆದರಿ ಡ್ರೈವರಿಗೆ ಫೋನು ಮಾಡಿದ. ಡ್ರೈವರ್ ಬಂದು ಅವಳ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟ.

"ಸಿಪಾಯಿಗಳ ಆಟ ಮೇಡಂ. ಎದುರಿಗೆ ಬಂದವನನ್ನ ಹೊಡೆದು ಬೀಳಿಸೋದು, ಅಷ್ಟೇ. ಹತ್ತು ಸಲ ಯಾರು ಮೊದಲು ಬೀಳಿಸ್ತಾರೋ ಅವರು ಗೆದ್ದಂಗೆ."

"ಕೇಸು ಆಗಲ್ವಾ?"

"ಆಗಲ್ಲ ಮೇಡಂ. ಸತ್ತವನು ಮತ್ತೆ ಎದ್ದು ಬರ್ತಾನೆ."

"ಹಾಗಿದ್ರೆ ಸರಿ," ಎಂದು ಕೂತವಳು ಊಟಕ್ಕೂ ಏಳಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ ಅವಳ ಅಣ್ಣ ಇದ್ದ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಸೀಟಿ ಕೊರಳಲ್ಲೇ ಹುಟ್ಟಿ ಬಂದಿದೆಯೋ ಎನ್ನುವಂಥ ಮನುಷ್ಯ. ಸ್ನಾನಕ್ಕೂ ಅದನ್ನು ತೆಗೆಯುತ್ತಿರಲಿಲ್ಲ. ತಂಗಿ ಆಡುತ್ತಾಳೆ ಎಂದು ಗೊತ್ತಾದದ್ದೇ ಅವನೂ ಸೇರಿಕೊಂಡ. ಭಾನುವಾರ ಸಂಜೆ ನಾಲ್ಕಕ್ಕೆ ಆಟ ಎಂದು ನಿಗದಿಯಾಯಿತು. ಇವಳು ಇವಳ ಮನೆಯಲ್ಲಿ, ಅವನು ಅವನ ಮನೆಯಲ್ಲಿ, ಡ್ರೈವರ್ ತನ್ನ ಮನೆಯಿಂದ ಆಟದೊಳಗಿನ ಗುಡ್ಡದ ಮೇಲೆ ಕೂತು ನೋಡುವುದು. ಕಿವಿಗೆ ಹೆಡ್‌ಫೋನು, ಬಾಯಿ ತುಂಬ ಬೈಗುಳ.

ಮೊದಲ ಒಂದು ವರ್ಷ ನ್ಯಾಯವಾಗಿಯೇ ನಡೆಯಿತು. ಆಗ ಆಟದ ಕಂಪನಿಯವರೇ ಎಲ್ಲೋ ದೂರದಲ್ಲಿ ದೊಡ್ಡ ಸರ್ವರ್ ಇಟ್ಟಿದ್ದರು. ಇವಳ ಗುಂಡೂ ಅಲ್ಲಿಗೆ ಹೋಗಬೇಕು, ಅಣ್ಣನ ಗುಂಡೂ ಅಲ್ಲಿಗೇ ಹೋಗಬೇಕು. ಯಾರದ್ದು ಮೊದಲು ಎಂದು ಆ ಯಂತ್ರ ಹೇಳುತ್ತಿತ್ತು. ಅದಕ್ಕೆ ಇವರಿಬ್ಬರೂ ಯಾರೋ ಏನೋ. ಆಮೇಲೆ ಕಂಪನಿಯವರು, ಆಡುವವರು ಕಡಿಮೆಯಾದರು, ಸರ್ವರ್ ಮುಚ್ಚುತ್ತೇವೆ, ಇನ್ನು ಮೇಲೆ ನಿಮ್ಮಲ್ಲೇ ಒಬ್ಬರ ಕಂಪ್ಯೂಟರನ್ನು ಹೋಸ್ಟ್ ಮಾಡಿಕೊಂಡು ಆಡಿ ಎಂದು ಕೈ ತೊಳೆದುಕೊಂಡರು. ಅಂದರೆ ತೀರ್ಪು ಹೇಳುವ ಯಂತ್ರ ಈಗ ಆಡುವವರಲ್ಲೇ ಒಬ್ಬರ ಮೇಜಿನ ಮೇಲೆ.

"ನನ್ನ ಇಂಟರ್ನೆಟ್ ಲೈನೇ ಫಾಸ್ಟು. ನಾನೇ ಹೋಸ್ಟು," ಎಂದು ಅಣ್ಣ ಸೀಟಿ ಊದಿಬಿಟ್ಟ.

ಅವತ್ತಿನಿಂದ ತೂಕದಮ್ಮ ಸಾಯತೊಡಗಿದಳು.

ಆ ಆಟದಲ್ಲಿ ಒಂದು ಮರದ ಸೇತುವೆ ಇದೆ. ಅಣ್ಣ ಆ ಕಡೆಯಿಂದ ಬರುತ್ತಾನೆ, ಇವಳು ಈ ಕಡೆಯಿಂದ. ಇವಳು ಗುಂಡು ಹಾರಿಸುತ್ತಾಳೆ. ಗುಂಡು ಅಣ್ಣನ ಎದೆಗೆ ತಾಗಿ ಧೂಳು ಹಾರಿದ್ದು ಇವಳ ಕಣ್ಣಿಗೇ ಕಾಣುತ್ತದೆ. ಅಣ್ಣ ಮಾತ್ರ ಬೀಳುವುದಿಲ್ಲ. ಮೀಸೆ ತಿರುವುವವನಂತೆ ನಿಂತು, ಆಮೇಲೆ ನಿಧಾನಕ್ಕೆ ಹೊಡೆಯುತ್ತಾನೆ. ಬೀಳುವವಳು ಇವಳು!

"ಅಣ್ಣಾ, ಮೊದಲು ಹೊಡೆದಿದ್ದು ನಾನು!"

"ನನಗೆ ಹಾಗೆ ಕಾಣಲಿಲ್ಲ ಪುಟ್ಟಿ."

"ನಿನಗೆ ಕಾಣಲ್ಲ ಕಣೋ! ಯಾವತ್ತು ಕಂಡಿದೆ ನಿನಗೆ?"

ಅಷ್ಟಾದರೂ ಅವಳು ಗೆಲ್ಲುವ ಹಂತಕ್ಕೆ ಬರುತ್ತಿದ್ದಳು. ಸಿಟ್ಟಿನಲ್ಲಿ ಅವಳ ಬೆರಳು ಮಿಂಚನ್ನೂ ಹಿಂದೆ ಹಾಕುತ್ತಿತ್ತು. ಒಂಬತ್ತು ಆಯಿತು, ಇನ್ನೊಂದು ಹೊಡೆದರೆ ಆಟ ಮುಗಿಯಿತು ಎನ್ನುವಾಗ ಪರದೆ ಕಪ್ಪಾಗುತ್ತಿತ್ತು. ಸೇತುವೆ ಇಲ್ಲ, ನದಿ ಇಲ್ಲ, ಗುಡ್ಡದ ಮೇಲಿನ ಡ್ರೈವರೂ ಇಲ್ಲ, ಅಂಕವೂ ಇಲ್ಲ. ಹೋಸ್ಟ್ ಹೋದರೆ ಇಡೀ ಲೋಕವೇ ಹೋಯಿತು. ಐದು ನಿಮಿಷಕ್ಕೆ ಅಣ್ಣನ ಫೋನು: "ಲೈನು ಹೋಯ್ತು ಪುಟ್ಟಿ. ಮೊದಲಿಂದ ಶುರು ಮಾಡೋಣ."

ತೂಕದಮ್ಮ ಡೈರಿಯಲ್ಲಿ ಬರೆದಿಟ್ಟಳು. ಹದಿನೇಳು ಸಲ ಲೈನು ಹೋಗಿದೆ. ಹದಿನೇಳು ಸಲವೂ ಅವಳದ್ದು ಒಂಬತ್ತು ಆಗಿತ್ತು. ಅಣ್ಣ ಮುಂದಿದ್ದಾಗ ಬಿರುಗಾಳಿ ಬಂದು ಕಂಬಗಳೇ ಬಿದ್ದಿದ್ದರೂ ಲೈನು ಹೋಗಿರಲಿಲ್ಲ.

ಅವಳಿಗೆ ಇದು ಹೊಸತಲ್ಲ. ಅದೇ ಅವಳ ಸಂಕಟ. ಅವಳಿಗೆ ಒಂಬತ್ತು ವರ್ಷ, ಅಣ್ಣನಿಗೆ ಹದಿನಾಲ್ಕು ಇದ್ದಾಗ ಮನೆಯ ಹಿಂದಿನ ಓಣಿಯಲ್ಲಿ ಎಣ್ಣೆ ಡಬ್ಬ ನಿಲ್ಲಿಸಿ ಕ್ರಿಕೆಟ್ ಆಡುತ್ತಿದ್ದರು. ಅಣ್ಣನೇ ಬ್ಯಾಟ್ಸ್‌ಮನ್, ಅಣ್ಣನೇ ಅಂಪೈರ್. ಇಡೀ ಬೇಸಿಗೆ ರಜೆ ಇವಳು ಚೆಂಡು ಹೆಕ್ಕಿದ್ದೇ ಬಂತು. ಒಂದು ದಿನ ಬೌಲಿಂಗ್ ಸಿಕ್ಕಿತು. ಮೊದಲ ಎಸೆತಕ್ಕೇ ಡಬ್ಬ ಢಣ್ ಎಂದಿತು. ಆ ಸದ್ದಿಗೆ ಮೂರು ಬೀದಿಯ ನಾಯಿಗಳು ಎದ್ದು ಕೂತವು, ಮೇಲಿನ ಮನೆಯ ಕಿವುಡಜ್ಜಿಯೂ "ಯಾರೋ ಬಂದ್ರು, ಬಾಗಿಲು ತೆಗೀರಿ" ಎಂದಳಂತೆ.

"ಔಟ್!" ಎಂದು ಇವಳು ಕುಣಿದಳು.

"ಗಾಳಿಗೆ ಬಿದ್ದಿದ್ದು," ಎಂದ ಅಣ್ಣ.

"ಔಟ್! ಔಟ್! ಔಟ್!"

"ಬ್ಯಾಟ್ ಯಾರದ್ದು?" ಎಂದು ಕೇಳಿ, ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಅವನು ಮನೆಗೆ ನಡೆದ. ಆಟ ಮುಗಿಯಿತು. ಅವಳ ಬದುಕಿನ ಒಂದೇ ಒಂದು ವಿಕೆಟ್ಟು ಓಣಿಯ ಧೂಳಿನಲ್ಲಿ ಹಾಗೇ ಬಿದ್ದುಕೊಂಡಿತು. ಅದಕ್ಕೇ ಅವಳು ತೂಕದ ಇಲಾಖೆ ಸೇರಿದಳು ಎಂದರೆ ಜನ ನಗಬಹುದು. ಕೇಳಿದರೆ ಅವಳೇ ಹಾಗೆ ಹೇಳುತ್ತಾಳೆ, ನಗದೆ. ಅಣ್ಣನ ಬಾಯಿಂದ ಒಂದು ಸಲ, ಒಂದೇ ಒಂದು ಸಲ, "ಔಟ್" ಎನ್ನಿಸದೆ ನಿವೃತ್ತಿ ಆಗುವುದಿಲ್ಲ ಎಂದು ಅವಳ ಹಟ.

ಹದಿನೇಳನೆಯ ಕಪ್ಪು ಪರದೆಯ ಮರುದಿನ ಅವಳು ಡ್ರೈವರನ್ನು ಹಿಡಿದು ಕೂರಿಸಿದಳು.

"ನನ್ನ ಗುಂಡು ಅವನ ಮನೆ ಮುಟ್ಟೋಕೆ ಎಷ್ಟು ಹೊತ್ತು ಬೇಕು, ಅಳೆದು ಹೇಳು."

ಅಳೆದರು. ಒಂದು ಸಲವಲ್ಲ, ನೂರು ಸಲ, ಬೆಳಗ್ಗೆ ಮಧ್ಯಾಹ್ನ ಸಂಜೆ, ಔಷಧಿ ಕುಡಿದ ಹಾಗೆ. ಆಮೇಲೆ ಅವಳು ಇಲಾಖೆಯ ಭಾಷೆಯಲ್ಲಿಯೇ, ಆದರೆ ಸ್ವಂತ ಕಾಗದದಲ್ಲಿ, ಅಣ್ಣನಿಗೆ ಒಂದು ವರದಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು. "ದೂರುದಾರಳ ಗುಂಡು ತಮ್ಮ ಕಂಪ್ಯೂಟರನ್ನು ತಲುಪಲು ಸರಾಸರಿ ನೂರ ನಲವತ್ತು ಮಿಲಿಸೆಕೆಂಡ್. ತಮ್ಮ ಗುಂಡು ತಮ್ಮದೇ ಕಂಪ್ಯೂಟರನ್ನು ತಲುಪಲು ಸೊನ್ನೆ. ಇದು ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದ್ದಕ್ಕೆ ಸಮ. ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಸಮಜಾಯಿಷಿ ಅಂಚೆ ತಲುಪಿದ ಸಂಜೆಯೇ ಫೋನಿನಲ್ಲಿ ಬಂತು. "ನನ್ನ ಮನೆ, ನನ್ನ ಕಂಪ್ಯೂಟರು. ಇಷ್ಟ ಇದ್ರೆ ಆಡು, ಇಲ್ಲಾಂದ್ರೆ ಬಿಡು."

ತೂಕದಮ್ಮ ಆಟೋ ಹಿಡಿದು ಅಣ್ಣನ ಮನೆಗೆ ಹೊರಟಳು. ಅವಳ ತಲೆಯಿಂದೇಳುತ್ತಿದ್ದ ಬಿಸಿಗೆ ಆಟೋದ ಮೀಟರು ಎರಡು ಸಲ ನಿಂತಿತು; ನಿಂತದ್ದಕ್ಕೆ ಮೀಟರಿಗೂ ಬೈಗುಳ ಬಿತ್ತು. ಡ್ರೈವರ್ ತನ್ನ ಸ್ಕೂಟರಿನಲ್ಲಿ ಹಿಂದೆ ಬಂದ, ಸಾಕ್ಷಿಗೆ.

"ಸರ್, ಸರ್ವರಿನ ಪ್ರೋಗ್ರಾಮನ್ನ ಕಂಪನಿಯವರು ಪುಕ್ಕಟೆ ಬಿಟ್ಟಿದ್ದಾರೆ," ಎಂದು ಡ್ರೈವರ್ ಶುರು ಮಾಡಿದ. "ಒಂದು ಹಳೇ ಕಂಪ್ಯೂಟರು ಸಾಕು. ಅದು ಆಡಲ್ಲ. ಬರೀ ತೀರ್ಪು ಹೇಳತ್ತೆ."

"ಎಲ್ಲಿಡ್ತೀರಿ? ಇವಳ ಮನೆಯಲ್ಲಾ?" ಎಂದ ಅಣ್ಣ.

"ನನ್ನ ಮನೆಯಲ್ಲಿ ಬೇಡ," ಎಂದಳು ತೂಕದಮ್ಮ. "ಅಂಗಡಿಯವನ ತಕ್ಕಡಿ ಸರಿಯಿಲ್ಲ ಅಂತ ನನ್ನ ತಕ್ಕಡಿ ತಂದಿಟ್ರೆ ನಾನೂ ಅಂಗಡಿಯವಳೇ ಆದೆ."

"ಡ್ರೈವರ್ ಮನೇಲೂ ಬೇಡ. ಅವನು ನಿನ್ನ ಕಡೆ."

"ನಾನು ಯಾರ ಕಡೆಯೂ ಅಲ್ಲ ಸರ್, ಗುಡ್ಡದ ಮೇಲೆ ಇರ್ತೀನಿ."

ಅಷ್ಟರಲ್ಲಿ ಅತ್ತಿಗೆ ಬಂದಳು. ಅವಳದ್ದು ಝೆರಾಕ್ಸ್ ಅಂಗಡಿ, ಎರಡೂ ಮನೆಗೆ ಸುಮಾರು ನಡುವೆ. ಎರಡು ವರ್ಷದಿಂದ ಪ್ರತಿ ಭಾನುವಾರ ಸಂಜೆ ಈ ಕಿರುಚಾಟ ಕೇಳಿ ಕೇಳಿ ಅವಳ ಕಿವಿ ತೂತಾಗಿ ಗಾಳಿ ಆಡುತ್ತಿತ್ತು.

"ನನ್ನ ಅಂಗಡಿಯಲ್ಲಿ ಇಡಿ," ಎಂದಳು.

"ನೀನು ಯಾರ ಕಡೆ?" ಎಂದ ಅಣ್ಣ.

"ಇಬ್ಬರ ಮೇಲೂ ನನಗೆ ಒಂದೇ ಸಮ ಸಿಟ್ಟಿದೆ. ನನಗಿಂತ ನ್ಯಾಯವಾದವಳು ಸಿಗ್ತಾಳಾ?"

"ಆಗಲ್ಲ. ಹೋಸ್ಟ್ ನಾನೇ. ಲೈನು ನನ್ನ ಮನೇದು."

"ರೀ," ಎಂದಳು ಅತ್ತಿಗೆ, ಬಹಳ ಮೆಲ್ಲಗೆ. "ಲೈನು ಯಾರ ಹೆಸರಲ್ಲಿದೆ?"

ಅಣ್ಣ ಸೀಟಿ ಹಿಡಿದುಕೊಂಡ. ಊದಲಿಲ್ಲ.

ಹಳೆಯ ಕಂಪ್ಯೂಟರು ಝೆರಾಕ್ಸ್ ಅಂಗಡಿಯ ಕೌಂಟರಿನ ಕೆಳಗೆ, ಲ್ಯಾಮಿನೇಷನ್ ಯಂತ್ರಕ್ಕೂ ಕಾಗದದ ಕಟ್ಟುಗಳಿಗೂ ನಡುವೆ ಕೂತಿತು. ಡ್ರೈವರ್ ಎರಡೂ ಮನೆಯಿಂದ ಅಳೆದ. ಇವಳಿಗೆ ನಲವತ್ತೆರಡು ಮಿಲಿಸೆಕೆಂಡ್, ಅಣ್ಣನಿಗೆ ನಲವತ್ತೊಂದು.

"ಒಂದು ಹೆಚ್ಚು ಕಡಿಮೆ ಇದೆ!" ಎಂದು ತೂಕದಮ್ಮ ಗುಡುಗಿದಳು. ಆಮೇಲೆ ಅವಳಿಗೇ ನೆನಪಾಯಿತು: ತಕ್ಕಡಿಗೂ ಇಷ್ಟು ದೋಷ ಇರಬಹುದು ಎಂದು ನಿಯಮದಲ್ಲೇ ಇದೆ. "ಇರಲಿ, ಪಾಸು," ಎಂದಳು. ಮನೆಯವರ ಆಟಕ್ಕೆ ಸರ್ಕಾರಿ ಮುದ್ರೆ ಒತ್ತುವುದು ಅಪರಾಧ. ಹಾಗಾಗಿ ಮನೆಯಿಂದ ಮೇಣದಬತ್ತಿ ತಂದು ಕಂಪ್ಯೂಟರಿನ ಮುಚ್ಚಳದ ಸಂದಿಗೆ ಮೇಣ ಸುರಿದು ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟು ಸುಟ್ಟಿತು. ಅದಕ್ಕೂ ಅಣ್ಣನನ್ನೇ ಬೈದಳು.

ಭಾನುವಾರ ನಾಲ್ಕು ಗಂಟೆಗೆ ಆಟ ಶುರುವಾಯಿತು. ಬ್ಯಾಂಡೇಜು ಕಟ್ಟಿದ ಹೆಬ್ಬೆರಳಿನಲ್ಲೇ ತೂಕದಮ್ಮ ಹೊಡೆದಳು, ಅಣ್ಣ ಬಿದ್ದ. ಹೊಡೆದ ಕೂಡಲೇ ಬಿದ್ದ! ಅಣ್ಣನೂ ಹೊಡೆದ, ಇವಳೂ ಬಿದ್ದಳು. ಬಿದ್ದಾಗ ಅವಳಿಗೆ ಸಿಟ್ಟು ಬಂತು, ಆದರೆ ಜಗಳ ತೆಗೆಯಲು ಏನೂ ಸಿಗಲಿಲ್ಲ. ಅದಕ್ಕೆ ಇನ್ನೂ ಸಿಟ್ಟು ಬಂತು. ಐದು ಐದು. ಏಳು ಎಂಟು. ಕೊನೆಗೆ ಅವಳದ್ದು ಒಂಬತ್ತು, ಅಣ್ಣನದ್ದು ಎಂಟು.

ಇಬ್ಬರೂ ಸೇತುವೆಗೆ ಬಂದರು. ತೂಕದಮ್ಮ ಗುರಿಯಿಟ್ಟಳು. ಹೆಡ್‌ಫೋನಿನಲ್ಲಿ ಅಣ್ಣನ ಉಸಿರಾಟ ಥಟ್ಟನೆ ನಿಂತುಹೋಯಿತು.

ಅವಳು ಕಣ್ಣು ಮುಚ್ಚಿಕೊಂಡಳು. ಹದಿನೆಂಟನೆಯದು, ಕಪ್ಪು ಪರದೆ, ಎಂದುಕೊಂಡಳು. ಕಣ್ಣು ಬಿಟ್ಟರೆ ಸೇತುವೆ ಹಾಗೇ ಇತ್ತು. ನದಿ ಹರಿಯುತ್ತಿತ್ತು. ಗುಡ್ಡದ ಮೇಲೆ ಡ್ರೈವರ್ ಇದ್ದ. ಅಣ್ಣನ ಸಿಪಾಯಿ ಅರ್ಧ ಎತ್ತಿದ ಬಂದೂಕು ಹಿಡಿದು, ಫೋಟೋಗೆ ನಿಂತ ಮದುಮಗನಂತೆ ಅಲ್ಲಾಡದೆ ನಿಂತಿದ್ದ.

"ಮೇಡಂ, ಅವರ ಲೈನು ಕಟ್ಟಾಗಿದೆ!" ಡ್ರೈವರ್ ಕಿರುಚಿದ. "ಮೂರು ನಿಮಿಷ ಸರ್ವರ್ ಅವರನ್ನ ಹಾಗೇ ನಿಲ್ಲಿಸಿಕೊಂಡಿರತ್ತೆ. ಹೊಡೀರಿ, ಹೊಡೀರಿ!"

ಅವಳು ಹೊಡೆಯಲಿಲ್ಲ. ಅಂಗಡಿಯವನಿಲ್ಲದಾಗ ತಕ್ಕಡಿ ಮುಟ್ಟಿದವಳಲ್ಲ ಅವಳು. ಫೋನು ತೆಗೆದು ಅಣ್ಣನಿಗೆ ಹಚ್ಚಿದಳು.

"ಲೈನು ಹೋಯ್ತು ಪುಟ್ಟಿ," ಎಂದ ಅಣ್ಣ. "ಮೊದಲಿಂದ ಶುರು—"

"ಆಟ ನಡೀತಾ ಇದೆ."

"ಹೇಗೆ ನಡೆಯತ್ತೆ? ನಾನೇ ಇಲ್ವಲ್ಲ!"

"ನೀನಿಲ್ಲದಿದ್ರೂ ನಡೆಯತ್ತೆ ಅಣ್ಣಾ." ಅವಳು ಪರದೆಯತ್ತ ಬಗ್ಗಿದಳು. "ಸೇತುವೆ ಮೇಲೆ ನಿಂತಿದ್ದೀಯ. ನಿನ್ನ ಮೂಗು ಕಾಣ್ತಿದೆ. ಬಾ, ಬಂದು ಸಾಯಿ."

ಫೋನಿನ ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು. "ರೀ, ಲೈನು ಎಲ್ಲಿ ಹೋಯ್ತು ಅಂತ ಹುಡುಕಬೇಡಿ. ವೈರು ನಿಮ್ಮ ಕೈಯಲ್ಲೇ ಇದೆ."

ಎರಡೂ ಮುಕ್ಕಾಲು ನಿಮಿಷಕ್ಕೆ ಸಿಪಾಯಿಗೆ ಜೀವ ಬಂತು. ತೂಕದಮ್ಮ ಅವನು ಬಂದೂಕು ಪೂರ್ತಿ ಎತ್ತುವವರೆಗೆ ಕಾದಳು. ಇಬ್ಬರ ಗುಂಡೂ ಹಾರಿದವು. ಝೆರಾಕ್ಸ್ ಅಂಗಡಿಯ ಕೌಂಟರಿನ ಕೆಳಗೆ ಮೇಣ ಮೆತ್ತಿಕೊಂಡಿದ್ದ ಹಳೆಯ ಡಬ್ಬ, ಇಬ್ಬರಲ್ಲಿ ಯಾರ ಮುಖವನ್ನೂ ನೋಡದೆ, ತೀರ್ಪು ಹೇಳಿತು. ಅಣ್ಣನ ಸಿಪಾಯಿ ಸೇತುವೆಯಿಂದ ನದಿಗೆ ಬಿದ್ದ.

"ಔಟ್ ಅನ್ನು," ಎಂದಳು ತೂಕದಮ್ಮ.

"ಬಂದೂಕಿನ ಆಟದಲ್ಲಿ ಔಟ್ ಅಂತ ಎಲ್ಲಿದೆ?"

"ಅನ್ನು."

"...ಔಟ್."

"ಇದಲ್ಲ. ಓಣಿದು. ಡಬ್ಬದ್ದು."

ಡ್ರೈವರ್ ಗುಡ್ಡದ ಮೇಲೆ ಕೆಮ್ಮಿ, ಕೆಮ್ಮಬಾರದಿತ್ತು ಎಂದು ಸುಮ್ಮನಾದ.

"ಗಾಳಿ ಇತ್ತು ಪುಟ್ಟಿ," ಎಂದ ಅಣ್ಣ ಕೊನೆಗೆ. "ಡಬ್ಬ ಬೀಳೋವಷ್ಟು ಇರಲಿಲ್ಲ."

ತೂಕದಮ್ಮ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಪೇಪರ್ ಓದುತ್ತಿದ್ದವನು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡ. ತಣ್ಣಗಾಗುತ್ತದೆ ಎಂದುಕೊಂಡಿದ್ದ ಸಿಟ್ಟು ಈಗ ಹೊಸದಾಗಿ ಉಕ್ಕಿತು.

"ನಲವತ್ನಾಲ್ಕು ವರ್ಷ! ನಲವತ್ನಾಲ್ಕು ವರ್ಷ ಗೊತ್ತಿದ್ದೂ ಬಾಯಿ ಬಿಡಲಿಲ್ವಲ್ಲ! ಅವತ್ತೇ ಹೇಳೋಕೆ ಏನಾಗಿತ್ತೋ ನಿನಗೆ?"

"ಬ್ಯಾಟ್ ನನ್ನದಿತ್ತಲ್ಲ," ಎಂದ ಅಣ್ಣ.

ಅವಳು ಕುರ್ಚಿ ಎತ್ತಿ ನಿಲ್ಲಿಸಿದಳು. ಕೂತಳು. ಹೆಡ್‌ಫೋನು ಬಿಗಿ ಮಾಡಿಕೊಂಡಳು.

"ಸೇತುವೆಗೆ ಬಾ," ಎಂದಳು.