ತವರಿಗೆ ಹೇಳದೆ ಹಳ್ಳಕ್ಕೆ

ಮೊನ್ನೆ ಸ್ಕೂಟರ್ ರಿಪೇರಿಗೆಂದು ಆಟೋ ನಗರಕ್ಕೆ ಹೋಗಿದ್ದೆ. ಬಾಜೂ ವರ್ಕ್‌ಶಾಪಿನ ಮುಂದೆ ಲಾರಿಗೆ ಹೊದಿಸುವ ಹಳೇ ತಾಡಪತ್ರಿಯನ್ನು ಬಿಸಿಲಿಗೆ ಹರವಿದ್ದರು. ಅದರ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾಸಬಾಗ ಓಣಿಯ ನಮ್ಮ ಬಾಜೂ ಮನೆಯ ವಹಿನಿ ಹೊಲಿಗೆ ಮಷೀನಿನ ಮುಂದೆ ಕೂತು, ಸೂಜಿ ಮುರಿಯಿತೆಂದು ಮಷೀನಿಗೇ ಬೈಯುತ್ತಿದ್ದುದು ಕಣ್ಣಿಗೆ ಕಟ್ಟಿತು...

ಎಪ್ಪತ್ತರ ದಶಕದ ಕೊನೆಯ ಮಾತು. ನನಗಿನ್ನೂ ಲಗ್ನವಾಗಿರಲಿಲ್ಲ, ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ವಹಿನಿ ನನಗಿಂತ ದೊಡ್ಡವರು, ಮರಾಠಿ ಮನೆಯವರು, ವಹಿನಿ ಎಂದರೆ ಅವರ ಮಾತಿನಲ್ಲಿ ಅತ್ತಿಗೆ, ಓಣಿಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿದು ಕೊಡುತ್ತಿದ್ದರು. ಅವರ ತವರು ಖಾನಾಪುರದ ಆಚೆ, ಗುಡ್ಡದ ಬುಡದ ಹಳ್ಳಿ. ಅಲ್ಲಿಯ ಹಳ್ಳದಲ್ಲಿ ಅಪ್ಪನ ಜೊತೆ ಮೀನು ಹಿಡಿಯುತ್ತ ಬೆಳೆದವರು. ಲಗ್ನವಾದ ಮೇಲೆ ಗಾಳ ಮುಟ್ಟಿರಲಿಲ್ಲ. ತವರಿಗೆ ಹೋದರೆ ಉಡಿ ತುಂಬಿಸಿಕೊಳ್ಳುವುದು, ಮನೆಮನೆಗೆ ಹೋಗಿ ಚಹಾ ಕುಡಿಯುವುದು, ಅಷ್ಟರಲ್ಲಿ ಬಸ್ಸಿನ ಹೊತ್ತು. ಲಗ್ನವಾದ ಮಗಳು ದಂಡೆಯಲ್ಲಿ ಗಾಳ ಹಿಡಿದು ಕೂತರೆ ಊರು ಏನಂದೀತು?

“ಒಮ್ಮಿ ಹೋಗಬೇಕ ನೋಡ,” ಎಂದರು ಒಂದು ದಿನ. “ಮಗಳಾಗಿ ಅಲ್ಲ. ಸುಮ್ನ, ಬೆನ್ನಿಗೆ ಚೀಲಾ ಹಾಕ್ಕೊಂಡು. ನೀ ಬರ್ತೀ?”

ಬರದೇನು! ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೀನಿನ ಹೆಸರೆತ್ತಿದರೆ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ಆದರೆ ಗುಡ್ಡ ಹತ್ತಲು ಮೀನು ತಿನ್ನಲೇಬೇಕೆಂದು ಯಾರು ಹೇಳಿದ್ದಾರೆ?

ಆ ಮಳೆಗಾಲ ಪೂರ್ತಿ ನಮ್ಮದು ಅದೇ ಧ್ಯಾನ. ಹಳೇ ತಾಡಪತ್ರಿ ಕತ್ತರಿಸಿ ವಹಿನಿ ಎರಡು ಬೆನ್ನುಚೀಲ ಹೊಲಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ನನ್ನ ಪಾಲಿಗೆ. ಗಾಳ, ನೈಲಾನ್ ದಾರ, ಕಂಬಳಿ, ಬ್ಯಾಟರಿ ಅವರ ಪಾಲಿಗೆ. ದೊಡ್ಡ ತಲೆನೋವೆಂದರೆ ಬೀಗರು, ಬಳಗದವರ ಕಣ್ಣು ತಪ್ಪಿಸಿ ಖಾನಾಪುರ ದಾಟುವುದು.

“ಸಂತಿ ದಿನಾ ಬ್ಯಾಡವಾ,” ಎನ್ನುತ್ತಿದ್ದರು. “ಅರ್ಧಾ ತವರಮನಿ ಸಂತ್ಯಾಗ ಇರ್ತದ.”

ಅವರ ಯಜಮಾನರು ಫೌಂಡ್ರಿಯಲ್ಲಿದ್ದರು. ಬಲು ಒಳ್ಳೆಯ ಮನುಷ್ಯ. “ಹೋಗಿ ಬರ್ರಿ, ಹುಡುಗೂರನ್ನ ನಾ ನೋಡ್ಕೋತೀನಿ,” ಎಂದು ನಕ್ಕು ಬಿಟ್ಟರು.

ದೀಪಾವಳಿ ಕಳೆದ ಮೇಲೆ ಹೊರಟೆವು. ಸೆರಗು ತಲೆಯ ಮೇಲೆ ಎಳೆದುಕೊಂಡು ಖಾನಾಪುರ ದಾಟಿ, ಊರಿಗಿಂತ ಒಂದು ಸ್ಟಾಪ್ ಮೊದಲೇ ಇಳಿದು ಅಡವಿಯ ಅಂಚು ಹಿಡಿದೆವು. ಆದರೆ ಇಬ್ಬರು ಹೆಂಗಸರು ಬೆನ್ನಿಗೆ ತಾಡಪತ್ರಿ ಕಟ್ಟಿಕೊಂಡು ಹೊರಟರೆ ಯಾರ ಕಣ್ಣಿಗೆ ಬೀಳಲಿಕ್ಕಿಲ್ಲ? ಹಳ್ಳ ಇನ್ನೂ ದೂರವಿತ್ತು, ಹೊಲದಿಂದ ವಹಿನಿಯ ಅಣ್ಣ ಓಡೋಡಿ ಬಂದರು. ಮನೆಗೆ ಬಾ, ಇದೇನು ಅವತಾರ ಎಂದು ಚೀಲಕ್ಕೇ ಕೈ ಹಾಕಿದರು. ಮನೆ ಹೊಕ್ಕರೆ ಉಡಿ, ಚಹಾ, ಬಸ್ಸು... ಮುಗಿಯಿತು.

ವಹಿನಿ ಚೀಲ ಬಿಡಲಿಲ್ಲ. ಮರಾಠಿಯಲ್ಲಿ ಮೆಲ್ಲಗೆ ಅಂದರು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: “ದಾದಾ, ಇವತ್ತ ನಾ ತವರಮನಿಗೆ ಬಂದಿಲ್ಲ. ಹಳ್ಳಕ್ಕ ಬಂದೀನಿ.”

ಅಣ್ಣನ ಮುಖ ಸಣ್ಣದಾಯಿತು. ತಿರುಗಿ ನೋಡದೆ ಹೋದರು. ವಹಿನಿಯ ಕಣ್ಣಲ್ಲಿ ನೀರಿತ್ತು, ಆದರೂ ನಡೆದರು.

ಹಳ್ಳದ ದಂಡೆಯಲ್ಲಿ ಎರೆಹುಳ ಹುಡುಕಿ, ಬಿದಿರು ಕಡಿದು, ಗಾಳ ಬಿಟ್ಟು ಕೂತರು. ಇಷ್ಟು ಮಾತಿನ ಹೆಣ್ಣುಮಗಳು ಅಷ್ಟು ಸುಮ್ಮನಿರಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ಸಂಜೆಯ ಹೊತ್ತಿಗೆ ಗೇಣುದ್ದದ ಒಂದು ಮೀನು ಬಿತ್ತು. “ಸಾಪಡಲಾ! ಸಾಪಡಲಾ!” ಸಿಕ್ಕಿತು, ಸಿಕ್ಕಿತು ಎಂದು ಸೀರೆ ಎತ್ತಿಕಟ್ಟಿ ನೀರಲ್ಲೇ ಕುಣಿದರು. ಅವರು ಕೆಂಡದ ಮೇಲೆ ಮೀನು ಸುಟ್ಟರು, ನಾನು ಗಾಳಿಯ ಎದುರು ದಿಕ್ಕಿಗೆ ಸರಿದು ರೊಟ್ಟಿ ಮುರಿದೆ. ಕತ್ತಲಾಗುವ ಮೊದಲು ಅಣ್ಣ ಬಂದು ಕಟ್ಟಿಗೆಯ ಹೊರೆ ಇಳಿಸಿ, ಆಚೆ ದಂಡೆಯಲ್ಲಿ ಕಾವಲು ಕೂತರು.

ಮುಂದಿನ ವರ್ಷ ಮತ್ತೆ ಹೋಗೂಣು ಎನ್ನುತ್ತಲೇ ವರ್ಷಗಳು ಹೋದವು... ಎಂಬತ್ತರ ದಶಕದ ನಡುವೆ ಕಾಮಣಿಯಾಗಿ, ಕಣ್ಣು ಮೈಯೆಲ್ಲ ಹಳದಿಯಾಗಿ ವಹಿನಿ ತೀರಿಕೊಂಡರು. ಅವರಿಗೆ ಹೊದಿಸಲು ಅಣ್ಣ ತವರಿನ ಸೀರೆ ತಂದಿದ್ದರು. ಎಲ್ಲ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು.

“ಖರೇ ಹೇಳ್ರಿ ಅಕ್ಕಾರ. ಅವತ್ತ ಗಂಡನ ಮನ್ಯಾಗ ಏನರ ತ್ರಾಸ ಆಗಿ ಹಳ್ಳಕ್ಕ ಬಂದಿದ್ಳೇನು? ನನ್ನ ಮುಂದ ಹೇಳಲಿಕ್ಕೆ ಆಗಲಿಲ್ಲೇನು?”

ಇಷ್ಟು ವರ್ಷ ಆ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು! “ಇಲ್ಲರೀ,” ಎಂದೆ. “ಬರೇ ಮೀನ ಹಿಡಿಯಾಕ ಬಂದಿದ್ರು. ಭಾಳ ಖುಷಿಯಾಗಿದ್ರು.” ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತರು. ನಾನೂ ಅತ್ತೆ.

ಈಗ ನನ್ನ ಜೊತೆ ರಿಟೈರ್ ಆದ ಗೆಳತಿಯರು ಖಾನಾಪುರದ ಅಡವಿಯಲ್ಲಿ ಹೊಸ ರೆಸಾರ್ಟ್ ಆಗಿದೆ, ಎರಡು ದಿನ ಹೋಗೋಣ, ಕಾರಿದೆ, ನಡೆಯುವುದೇ ಬೇಡ ಎನ್ನುತ್ತಿದ್ದಾರೆ. ಒಲ್ಲೆ ಎಂದೆ. ಕಾಲು ನೋವು ಎಂಬ ನೆವ ಹೇಳಿದೆ. ನನ್ನ ಕಾಲು ಚೆನ್ನಾಗಿಯೇ ಇವೆ. ವಹಿನಿ ಇಲ್ಲ, ಅಷ್ಟೇ.